ಸಾಲು ಮುಗಿದರೆ ಎಡಗೈ

"ಯಾರು ನುಡಿಸ್ತಾರೋ, ಪಿಯಾನೊ ಅವರದು." ನಮ್ಮಮ್ಮ ಹೇಳಿ ಹೋಗಿದ್ದು ಇಷ್ಟೇ. ಕಾಗದಕ್ಕೆ ಹಾಕಲಿಲ್ಲ, ಸಾಕ್ಷಿ ಕರೆಸಲಿಲ್ಲ. ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಊರವರ ಉಯಿಲೆಲ್ಲ ಟೈಪ್ ಮಾಡಿದವಳು ನಾನು. ನಮ್ಮನೆಯ ಈ ಒಂದು ಮಾತನ್ನು ಹಾಳೆಗಿಳಿಸುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ನಾನು ನುಡಿಸುವುದನ್ನು ಬಿಟ್ಟಿದ್ದೆ. ಅಮ್ಮ ಹೋದ ಮೇಲೆ ಪಿಯಾನೊ ಅಕ್ಕನ ಮನೆ ಸೇರಿತು, ಅಕ್ಕನ ಮಗಳು ಕಲಿಯುತ್ತಾಳೆ ಅಂತ. ಆ ಹುಡುಗಿ ಎರಡು ವರ್ಷ ಟಿಣ್ ಟಿಣ್ ಅನ್ನಿಸಿ, ಆಮೇಲೆ ಈಜು ಕಲಿಯೋಕೆ ಹೊರಟುಹೋದಳು. ಈಗ ಅವಳಿಗೇ ಎರಡು ಮಕ್ಕಳು. ಪಿಯಾನೊ ಅಕ್ಕನ ನಡುಮನೆಯ ಗೋಡೆಗೆ ಅಂಟಿಕೊಂಡು, ತಲೆ ಮೇಲೆ ಇಸ್ತ್ರಿ ಬಟ್ಟೆಯ ರಾಶಿ ಹೊತ್ತುಕೊಂಡು ನಿಂತಿತ್ತು. ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ.

ನಾನು ನಿವೃತ್ತಿಯಾದ ಮೂರನೇ ವಾರ ಅಕ್ಕ ಫೋನ್ ಮಾಡಿದಳು. "ಪಿಯಾನೊನ ಒಂದು ಸಂಗೀತ ಶಾಲೆಗೆ ಕೊಟ್ಟುಬಿಡ್ತಾ ಇದ್ದೀವಿ ಕಣೆ. ಬರೋ ತಿಂಗಳು ಹತ್ತನೇ ತಾರೀಕು ಗಾಡಿ ಬರುತ್ತೆ. ನಿನ್ನ ಕಿವಿಗೂ ಒಂದು ಮಾತು ಹಾಕೋಣ ಅನ್ನಿಸ್ತು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರೋದು. ಫೋನ್ ಇಟ್ಟು ಆ ರಾತ್ರಿ ಹೊರಳಾಡಿದೆ. ಮರುದಿನ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಅಕ್ಕನ ಬಾಗಿಲಲ್ಲಿ ನಿಂತೆ.

"ನನ್ನ ಪಿಯಾನೊನ ಯಾರಿಗೋ ಕೊಡೋಕೆ ನೀನ್ಯಾರು?"

"ನಿನ್ನದು ಹೇಗಾಯ್ತೇ ಅದು? ಅಮ್ಮ ಹೇಳಿದ್ದು ನಿನಗೂ ಕೇಳಿಸಿತ್ತಲ್ಲ. ಶಾಲೇಲಿ ಮಕ್ಕಳು ನುಡಿಸ್ತಾರೆ. ನೀನು ಮುಟ್ಟಿ ಎಷ್ಟು ಕಾಲ ಆಯ್ತು, ಹೇಳು?"

"ನಾನು ನುಡಿಸ್ತೀನಿ."

ಸೋಫಾದಲ್ಲಿ ಕೂತು ಪದಬಂಧ ತುಂಬಿಸುತ್ತಿದ್ದ ಭಾವ ತಲೆ ಎತ್ತಿ, "ಏನನ್ನ?" ಅಂದರು.

ಅಕ್ಕ ಬಟ್ಟೆಯ ರಾಶಿ ಎತ್ತಿ ಕುರ್ಚಿ ಮೇಲೆ ಹಾಕಿದಳು, ಮುಚ್ಚಳ ತೆಗೆದಳು, ಸ್ಟೂಲ್ ಎಳೆದು ಕೊಟ್ಟಳು. ನಾನು ಕೂತೆ. ಇಪ್ಪತ್ತೈದನೇ ವಯಸ್ಸಿನ ತನಕ ಡ್ಯಾನ್ಸ್ ಕ್ಲಾಸಿನ ಮಕ್ಕಳಿಗೆ ನುಡಿಸುತ್ತಿದ್ದವಳು ನಾನು. ಅದರಲ್ಲಿ ನನ್ನದು ಎತ್ತಿದ ಕೈ ಅಂತ ಎಲ್ಲರೂ ಒಪ್ಪಿದ್ದರು. ಆ ಎತ್ತಿದ ಕೈ ಈಗ ಅರ್ಧ ಸಾಲಿಗೇ ಕೈಕೊಟ್ಟಿತು. ಬಲಗೈ ಆರೇಳು ಸ್ವರ ತಾನಾಗಿ ನಡೆದು ಗಕ್ಕನೆ ನಿಂತಿತು. ಎಡಗೈಗೆ ಎಲ್ಲಿ ಇಳಿಯಬೇಕು ಅಂತಲೇ ತಿಳಿಯಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಅಕ್ಕ ನಗಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿ ಹೇಳಿದಳು: "ಇನ್ನೂ ಮೂವತ್ತೆಂಟು ದಿನ ಇದೆ. ಹತ್ತನೇ ತಾರೀಕು ಶಾಲೆಯವರ ಎದುರಿಗೇ ಆ ವಾಲ್ಟ್ಸ್ ಪೂರ್ತಿ ನುಡಿಸು. ತಪ್ಪಿದ್ರೆ ತಪ್ಪಲಿ. ಮಧ್ಯದಲ್ಲಿ ನಿಲ್ಲಿಸಬಾರದು, ಅಷ್ಟೇ. ನಿಲ್ಲಿಸಿದ್ಯೋ, ಪಿಯಾನೊ ಗಾಡಿ ಹತ್ತುತ್ತೆ."

ಆ ವಾಲ್ಟ್ಸ್ ಅಂದರೆ ಯಾವುದು ಅಂತ ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು-ಎರಡು-ಮೂರು, ಒಂದು-ಎರಡು-ಮೂರು ಅಂತ ಮೂರು ಎಣಿಕೆಯಲ್ಲಿ ತಿರುಗುವ ನಾಟ್ಯದ ಸಂಗೀತ ಅದು. ನಾನು ಕಡೆಯ ಸಲ ನುಡಿಸಿದ್ದು ಅದನ್ನೇ. ನುಡಿಸಿ ಮುಗಿಸಿರಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ಅಪ್ಪ ಹಾಸಿಗೆ ಹಿಡಿದ ವರ್ಷ ನಾನು ಕೋರ್ಟಿಗೆ ಸೇರಿದೆ. ನನ್ನ ಮೇಜಿನ ಮೇಲೆ 'ಬೆರಳಚ್ಚುಗಾರ್ತಿ' ಅಂತ ಬೋರ್ಡು ಇಟ್ಟಿದ್ದರು. ಅದನ್ನು ಓದಿ ಹೆಬ್ಬೆಟ್ಟು ಒತ್ತೋದು ಇಲ್ಲೇ ಅಂದುಕೊಂಡು ಎಷ್ಟೋ ಜನ ಬೆರಳಿಗೆ ಮಸಿ ಬಳಿದುಕೊಂಡು ಬಂದು ನಿಲ್ಲುತ್ತಿದ್ದರು. ನಾನು ಗದರಿಸಿ ಕಳಿಸುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆ ತನಕ ಟಕಟಕ. ಸಾಲು ಮುಗಿಯುತ್ತಾ ಬಂದರೆ ಮಿಷನ್ನು 'ಟಿಂಗ್' ಅನ್ನುತ್ತದೆ. ಎಡಗೈ ಎದ್ದು ಮೇಲಿನ ಹಿಡಿಯನ್ನು ಎಡದಿಂದ ಬಲಕ್ಕೆ ತಳ್ಳಬೇಕು, ಆಗ ಹೊಸ ಸಾಲು. ದಿನಕ್ಕೆ ಸಾವಿರ ಸಲ. ಒಂದು ವರ್ಷದಲ್ಲಿ ಆ ಕೈ ನನ್ನ ಅಪ್ಪಣೆ ಕೇಳುವುದನ್ನೇ ಬಿಟ್ಟಿತ್ತು.

ಆ ವರ್ಷದ ಕೊನೆಯಲ್ಲಿ ಒಂದು ಭಾನುವಾರ ಅಮ್ಮ ನಾಲ್ಕು ಜನರನ್ನು ಕರೆದಿದ್ದಳು. ಹೊಸದಾಗಿ ಮದುವೆಯಾಗಿದ್ದ ಅಕ್ಕ-ಭಾವನೂ ಬಂದಿದ್ದರು. ನಾನು ವಾಲ್ಟ್ಸ್ ಶುರು ಮಾಡಿದೆ. ಹಾಳೆ ತಿರುವಲು ಅಕ್ಕ ಎಡಗಡೆ ನಿಂತಿದ್ದಳು, ಕೈಯಲ್ಲಿ ಕಾಫಿ ಲೋಟ. ಮೂರನೇ ಸಾಲಿನ ಕೊನೆಗೆ ನನ್ನ ತಲೆಯೊಳಗೆ 'ಟಿಂಗ್' ಅಂದಿತು. ಎಡಗೈ ಎದ್ದು ತಳ್ಳಿತು. ಕಾಫಿ ಅಷ್ಟೂ ಅಕ್ಕನ ಹೊಸ ಬಟ್ಟೆ ಮೇಲೆ. "ಇವಳು ಅರ್ಜಿ ಟೈಪ್ ಮಾಡ್ತಿದ್ದಾಳೆ," ಅಂತ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮನೂ ನಕ್ಕಳು. ಭಾವ ಅಲ್ಲೇ ನನಗೆ 'ಟೈಪಮ್ಮ' ಅಂತ ಹೆಸರಿಟ್ಟರು. ನಾನು ಮುಚ್ಚಳ ಹಾಕಿ ಎದ್ದುಹೋದೆ.

ಅಷ್ಟಕ್ಕೇ ಬಿಟ್ಟುಬಿಟ್ಟೆಯಾ ಅಂತ ಕೇಳಬಹುದು. ಅಷ್ಟಕ್ಕೇ. ಕೆಲಸ ಜಾಸ್ತಿ, ಅಪ್ಪನ ಸೇವೆ, ಹೊತ್ತಿಲ್ಲ ಅಂತ ಊರಿಗೆಲ್ಲ ಹೇಳಿದೆ. ನಿಜ ಏನಂದರೆ ನನಗೆ ಅವಮಾನವಾಗಿತ್ತು, ಮತ್ತು ನಾನು ಮೂವತ್ತಮೂರು ವರ್ಷ ಹಟ ಸಾಧಿಸಿದೆ.

ಸರಿ, ಮೂವತ್ತೆಂಟು ದಿನ. ಮಧ್ಯಾಹ್ನ ಮೂರರಿಂದ ಐದು ನನ್ನ ಹೊತ್ತು ಅಂತ ಅಕ್ಕನಿಗೆ ಹೇಳಿದೆ. ಅಕ್ಕ ಅಡುಗೆಮನೆಯಲ್ಲಿರುತ್ತಿದ್ದಳು, ಭಾವ ಸೋಫಾ ಬಿಟ್ಟು ಏಳುತ್ತಿರಲಿಲ್ಲ. "ನೀವು ಸ್ವಲ್ಪ ಒಳಗೆ ಕೂತ್ಕೋಬಾರದಾ?" ಅಂದರೆ, "ನನ್ನ ಮನೇಲಿ ನನಗೆ ಇರೋದು ಇದೊಂದೇ ಜಾಗ, ಟೈಪಮ್ಮ," ಅನ್ನುತ್ತಿದ್ದರು.

ಮೊದಲ ವಾರ ನನ್ನ ಕೈ ನೋಡಿ ನನಗೇ ಅಳು ಬಂತು. ಓದಲು ಬರುತ್ತಿತ್ತು, ಆದರೆ ಮಗು ಅಕ್ಷರ ಕೂಡಿಸಿದ ಹಾಗೆ, ಒಂದೊಂದೇ ಸ್ವರ. ಉಂಗುರದ ಬೆರಳು ಏಳಲೊಲ್ಲದು, ಕಿರುಬೆರಳು ಬಿದ್ದಲ್ಲೇ ಬಿದ್ದಿರುತ್ತದೆ. ಮುಂಗೈ ನೋವಿಗೆ ಬಸ್ಸಿನಲ್ಲಿ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನನ್ನ ಸದ್ದು. ಟೈಪ್‌ರೈಟರ್‌ಗೆ ಹೊಡೆದು ಬಿಡಬೇಕು, ಪಿಯಾನೊಗೆ ಒತ್ತಿ ಹಿಡಿಯಬೇಕು. ಹೊಡೆದು ಬಿಡುವುದನ್ನು ಕಲಿತ ಬೆರಳಿಗೆ ಹಿಡಿಯುವುದು ಮರೆತೇಹೋಗಿತ್ತು. ಟಕ್ ಟಕ್ ಟಕ್.

"ಅರ್ಜಿ ಯಾರದು?" ಅಂದರು ಭಾವ.

"ನಿಮ್ಮ ಮೇಲೇ. ಹೆಂಡತಿಯ ತಂಗಿಗೆ ಕಿರುಕುಳ ಅಂತ."

ಹಲ್ಲು ಕಚ್ಚಿಕೊಂಡು ಒಂದೊಂದು ಸ್ವರವನ್ನೂ ಒತ್ತಿ, ಅದು ತಾನಾಗಿ ಸಾಯುವ ತನಕ ಬೆರಳು ಎತ್ತದೆ ಕೂತೆ. ಹತ್ತು ದಿನ ಅದೇ ಕೆಲಸ. ಅಕ್ಕನ ಪಕ್ಕದ ಮನೆಯಾಕೆ ಬಂದು, "ಯಾರಾದ್ರೂ ರಿಪೇರಿಗೆ ಬಂದಿದ್ದಾರಾ?" ಅಂತ ಕೇಳಿಕೊಂಡು ಹೋದರು. ಕೇಳಲಿ ಬಿಡಿ. ನನ್ನ ಮನೆಯಲ್ಲಿ ಊಟದ ಮೇಜಿನ ಮೇಲೂ, ಬಸ್ಸಿನಲ್ಲಿ ಕೈಚೀಲದ ಮೇಲೂ ಬೆರಳು ಆಡಿಸುತ್ತಿದ್ದೆ. ನಾನು ಸೋಲೋಕೆ ಹುಟ್ಟಿದವಳಲ್ಲ ಅಂತ ಬೆರಳಿಗೆ ಗೊತ್ತಾಗಲಿ ಅಂತ.

ಹದಿನಾಲ್ಕನೇ ದಿನ ಒಂದು ಸಂಗತಿ ನಡೆಯಿತು. ಭಾವ ಪದಬಂಧದಿಂದ ತಲೆ ಎತ್ತದೆ, "ಎರಡಕ್ಷರ, ಹಟಕ್ಕೆ ಇನ್ನೊಂದು ಪದ," ಅಂದರು. "ಛಲ," ಅಂದೆ. "ಎರಡನೇದು ಒತ್ತಕ್ಷರ ಕಣಮ್ಮ." "ಹಾಗಾದ್ರೆ ಪಟ್ಟು," ಅಂದೆ. ಅವರು ಬರೆದುಕೊಂಡರು. ಆಗ ನೋಡುತ್ತೇನೆ, ಈ ಮಾತುಕತೆ ನಡೆಯುವಾಗ ನನ್ನ ಎರಡೂ ಕೈ ಎರಡನೇ ಸಾಲಿನ ಅರ್ಧ ದಾಟಿಬಿಟ್ಟಿವೆ. ನಾನು ನೋಡದೆ ಇದ್ದದ್ದಕ್ಕೇ ಅವು ದಾರಿ ಕಂಡುಕೊಂಡಿದ್ದವು. ನೋಡಿದ ಕೂಡಲೇ ಮುಗ್ಗರಿಸಿದವು. ನಾನು ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಎಷ್ಟು ಖುಷಿಯಾಗಿತ್ತೆಂದರೆ ಅಕ್ಕನ ಮುಖ ನೋಡಿದರೆ ಅತ್ತುಬಿಡುತ್ತೇನೆ ಅನ್ನಿಸಿ, ಕಿಟಕಿ ಕಡೆ ತಿರುಗಿ ಕುಡಿದೆ.

ಅಲ್ಲಿಂದಾಚೆ ನುಡಿಸುವುದು ಬೇಗ ಬಂತು. ಇಪ್ಪತ್ತೆರಡನೇ ದಿನದ ಹೊತ್ತಿಗೆ ಇಡೀ ವಾಲ್ಟ್ಸ್ ನಿಧಾನವಾಗಿ, ಕುಂಟುತ್ತಾ, ಆದರೆ ಇಡಿಯಾಗಿ ಕೈಗೆ ಬಂದಿತ್ತು. ಒಂದೇ ಒಂದು ತೊಂದರೆ. ಅದೇ ಹಳೆಯದು. ಕಣ್ಣು ಹಾಳೆಯ ಬಲದ ಅಂಚು ಮುಟ್ಟಿತೋ, ತಲೆಯಲ್ಲಿ 'ಟಿಂಗ್', ಎಡಗೈ ಕೀ ಬಿಟ್ಟು ಎದ್ದು ಗಾಳಿಯನ್ನು ತಳ್ಳುತ್ತಿತ್ತು. ಕೋರ್ಟಿಗೆ ಕಂಪ್ಯೂಟರ್ ಬಂದ ಮೇಲೂ ಈ ಕೈ ಸುಧಾರಿಸಿರಲಿಲ್ಲ. ಸಾಲಿನ ಕೊನೆಗೆ ಎದ್ದು ಪೆನ್ನಿನ ಡಬ್ಬಿ ಬೀಳಿಸುತ್ತಿತ್ತು. ಇಲ್ಲಿ ಪ್ರತಿ ಸಾಲಿಗೂ ಎಡಗೈ ಹೋದರೆ ಲಯ ಹೋಯಿತು, ಲಯ ಹೋದರೆ ನಾನು ನಿಂತೆ.

ನಾನು ಏನೆಲ್ಲ ಮಾಡಲಿಲ್ಲ. ಮಣಿಕಟ್ಟಿಗೆ ಭಾರದ ಬಳೆ ಹಾಕಿದೆ. ಕರವಸ್ತ್ರದಿಂದ ತೋಳನ್ನು ಮೈಗೆ ಕಟ್ಟಿಕೊಂಡೆ. ಕೈಗೆ ಬೈದೆ, ಕೋರ್ಟಿನಲ್ಲಿ ಕೇಳಿ ಕಲಿತ ಬೈಗುಳವನ್ನೇ ಬೈದೆ. ಭಾವ ಪೆನ್ನು ಇಟ್ಟು ಕೇಳಿಸಿಕೊಂಡರು. ಮೂವತ್ತನೇ ದಿನ ಸಂಜೆ ಸಾಕಾಗಿ, ಮುಚ್ಚಳ ಹಾಕಲು ಕೈ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಮುಚ್ಚಳ ಹಾಕಲಿಲ್ಲ, ಹಾಗೇ ತೆರೆದಿಟ್ಟು ಮನೆಗೆ ಹೊರಟೆ.

ಬಸ್ಸಿನಲ್ಲಿ ಹೊಳೆಯಿತು. ನಮ್ಮ ಕೋರ್ಟಿನಲ್ಲಿ ಒಬ್ಬ ಹಳೇ ಜಡ್ಜು ಇದ್ದರು. ಜನರ ಹೆಸರು ಸಾಲಿನ ಕೊನೆಯಲ್ಲಿ ಅರ್ಧಕ್ಕೆ ತುಂಡಾದರೆ ಹಾಳೆಯನ್ನೇ ಎಸೆಯುತ್ತಿದ್ದರು. ಅವರಿಗೋಸ್ಕರ ನಾನು ಸಾಲು ಸಾಲಿಗೂ ಮಾರ್ಜಿನ್ ಸರಿಸುತ್ತಿದ್ದೆ. ಹೆಸರು ಮುಗಿದ ಮೇಲೇ ಸಾಲು ಮುಗಿಯುವ ಹಾಗೆ. ಹೀಗಿರುವಾಗ ನನ್ನ ಕೈಯನ್ನು ತಿದ್ದಲು ನಾನು ಯಾಕೆ ಇಷ್ಟು ಒದ್ದಾಡುತ್ತಿದ್ದೇನೆ? ಮೂವತ್ತನಾಲ್ಕು ವರ್ಷ ನನಗೆ ಅನ್ನ ಹಾಕಿದ ಕೈ ಅದು. ಅದು ಹಾಗೇ ಇರಲಿ. ಹಾಳೆಯನ್ನು ತಿದ್ದಿದರಾಯಿತು.

ಆ ವಾಲ್ಟ್ಸಿನಲ್ಲಿ ಎಡಗೈಗೆ ಎರಡು ಎಣಿಕೆ ಬಿಡುವಿರುವ ಜಾಗ ಇಪ್ಪತ್ತಮೂರು ಇವೆ. ನಾನು ಎಣಿಸಿದೆ. ಮನೆಯಲ್ಲಿ, ಕೈಚೀಲದಲ್ಲಿದ್ದ ಸಂಗೀತದ ಹಾಳೆಗಳನ್ನು ಕತ್ತರಿ ತಗೊಂಡು ಪಟ್ಟಿಪಟ್ಟಿಯಾಗಿ ಕತ್ತರಿಸಿದೆ. ಕೋರ್ಟಿನಿಂದ ತಂದಿದ್ದ ಐದು ಹಳೇ ಫೈಲುಗಳ ಉದ್ದನೆ ರಟ್ಟಿಗೆ ಅಂಟಿಸಿದೆ. ಪ್ರತಿ ಸಾಲೂ ಎಡಗೈಯ ಬಿಡುವಿಗೇ ಮುಗಿಯುವ ಹಾಗೆ. ಒಂದು ಸಾಲು ಗೇಣುದ್ದ, ಇನ್ನೊಂದು ರಟ್ಟಿನ ತುದಿ ದಾಟಿ ಹೊರಗೆ. ನೋಡೋಕೆ ವಿಕಾರ. ಮರುದಿನ ಅದನ್ನು ಪಿಯಾನೊ ಮೇಲೆ ಇಟ್ಟು ನುಡಿಸಿದೆ. ಕಣ್ಣು ಅಂಚಿಗೆ ಬಂತು, ಟಿಂಗ್ ಅಂತು, ಕೈ ಎದ್ದು ತಳ್ಳಿತು, ಎರಡು ಎಣಿಕೆಯಲ್ಲಿ ವಾಪಸ್ ಬಂದು ಸರಿಯಾದ ಕೀ ಮೇಲೆ ಕೂತಿತು.

ಅಕ್ಕ ಬಂದು ರಟ್ಟುಗಳನ್ನು ಒಂದೊಂದಾಗಿ ನೋಡಿದಳು. "ಇದು ಮೋಸ ಕಣೆ."

"ಯಾವ ಸ್ವರ ಬಿಟ್ಟಿದ್ದೀನಿ, ತೋರಿಸು."

ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ ಪೂರಾ ನೋಡಿದಳು. ತೋರಿಸಲು ಏನೂ ಸಿಗಲಿಲ್ಲ.

ಹತ್ತನೇ ತಾರೀಕು ಬೆಳಿಗ್ಗೆ ಭಾವ ಗೊತ್ತು ಮಾಡಿದ್ದ ಗಾಡಿ ಬಂತು. ಇಬ್ಬರು ಆಳುಗಳು ಹಗ್ಗ, ಕಂಬಳಿ ತಗೊಂಡು ಬಾಗಿಲ ಹತ್ತಿರ ಕೂತರು. ಶಾಲೆಯಿಂದ ಬಂದಿದ್ದ ಟೀಚರ್ ಸಣ್ಣ ದನಿಯ ಹೆಂಗಸು. ಅಕ್ಕ ವಿಷಯ ಹೇಳಿದಾಗ, "ನಮ್ಮಲ್ಲಿ ಎರಡಿದೆ, ಇದು ಸಿಕ್ಕಿದ್ರೆ ಮೂರನೇದು. ನುಡಿಸಲಿ, ಕೇಳೋಣ," ಅಂದರು. ನನ್ನ ರಟ್ಟು ನೋಡಿ ಹುಬ್ಬೇರಿಸಿದರು.

ಅಲ್ಲಿ ಒಂದು ಯೋಚನೆ ನನಗೆ ತಪ್ಪಿಹೋಗಿತ್ತು. ಅಭ್ಯಾಸ ಮಾಡುವಾಗ ಒಂದು ರಟ್ಟು ಮುಗಿದರೆ ನಾನೇ ನಿಲ್ಲಿಸಿ, ಅದನ್ನು ತೆಗೆದು, ಮುಂದುವರಿಸುತ್ತಿದ್ದೆ. ಇವತ್ತು ನಿಲ್ಲಿಸುವ ಹಾಗಿಲ್ಲ. "ನಾನು ತೆಗೀತೀನಿ ಬಿಡು," ಅಂದಳು ಅಕ್ಕ. ಚಿಕ್ಕಂದಿನಿಂದ ಹಾಳೆ ತಿರುವುತ್ತಿದ್ದವಳು ಅವಳೇ. ಕುರ್ಚಿ ತಂದು ನನ್ನ ಎಡಗಡೆ ಕೂತಳು. ಕೈಯಲ್ಲಿ ಲೋಟ ಇರಲಿಲ್ಲ. ಅದನ್ನು ನಾನು ಗಮನಿಸಿದೆ.

ಶುರು ಮಾಡಿದೆ. ಮೊದಲ ರಟ್ಟು ಚೆನ್ನಾಗೇ ಹೋಯಿತು. ಮೂರು ಕಡೆ ತಪ್ಪು ಸ್ವರ ಬಿತ್ತು, ದಾಟಿಕೊಂಡೆ. ರಟ್ಟು ಮುಗಿಯುವಾಗ ಅಕ್ಕ ಸರಿಯಾಗಿ ಎತ್ತಿದಳು. ಎರಡನೆಯದರಲ್ಲಿ ಸಾಲುಗಳು ಒಂದು ಉದ್ದ, ಒಂದು ಮೊಟಕು. ನಾನು ಎಲ್ಲಿದ್ದೇನೆ ಅಂತ ಅವಳಿಗೆ ಸಿಗಲಿಲ್ಲ. ನೋಡಲು ಮುಂದಕ್ಕೆ ಬಗ್ಗಿದಳು. ಅದೇ ಹೊತ್ತಿಗೆ ಟಿಂಗ್. ನನ್ನ ಎಡಗೈ ಎದ್ದು, ಅಕ್ಕನ ಮೂಗಿನ ಮೇಲಿದ್ದ ಕನ್ನಡಕವನ್ನು ಎತ್ತಿಕೊಂಡು ಹೋಗಿ ಎಲ್ಲೋ ಬಿಸಾಡಿತು.

ಮೊದಲು ಭಾವ ಸೋಫಾದಲ್ಲಿ ಕಿಸಕ್ಕೆಂದರು. ಬಾಗಿಲಲ್ಲಿದ್ದ ಆಳುಗಳು ನಕ್ಕರು. ಕಡೆಗೆ ಅಕ್ಕ. ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸುತ್ತಾ, ಅದೇ ನಗು. ಮೂವತ್ತಮೂರು ವರ್ಷ ನನ್ನ ಕಿವಿಯಲ್ಲಿ ಕೂತಿದ್ದ ನಗು.

ನನ್ನ ಮುಖಕ್ಕೆ ರಕ್ತ ನುಗ್ಗಿತು. ನನ್ನೊಳಗಿನ ಇಪ್ಪತ್ತೈದರ ಆ ಹುಡುಗಿ ಎದ್ದು ಹೋಗು, ಎದ್ದು ಹೋಗು ಅಂದಳು. ಏಳಲ್ಲ ಕಣೆ, ಅಂದೆ ಅವಳಿಗೆ. ನಿನ್ನ ಮಾತು ಕೇಳಿ ನಾನು ಕೆಟ್ಟಿದ್ದು ಸಾಕು. ನಗಲಿ, ಊರೇ ಬಂದು ನಿಂತು ನಗಲಿ. ಒಂದು-ಎರಡು-ಮೂರು. ಎಡಗೈ ತನ್ನ ಜಾಗಕ್ಕೆ ಬಂದು ಇಳಿಯಿತು. ಒಂದು-ಎರಡು-ಮೂರು. ಬಲಗೈ ನಿಂತಿರಲೇ ಇಲ್ಲ.

ಎರಡನೇ ರಟ್ಟಿನ ಕೊನೆಯ ಸಾಲು ಬಂತು. ಅಕ್ಕ ಕನ್ನಡಕವಿಲ್ಲದೆ, ನಗುವಿನಿಂದ ಕಣ್ಣಲ್ಲಿ ನೀರು ತುಂಬಿಕೊಂಡು, ಗಾಳಿಯಲ್ಲಿ ತಡಕುತ್ತಿದ್ದಳು. ಅವಳಿಗೆ ರಟ್ಟೂ ಕಾಣುತ್ತಿರಲಿಲ್ಲ, ನಾನೂ ಕಾಣುತ್ತಿರಲಿಲ್ಲ. ಮುಗಿಯಿತು, ಇಲ್ಲೇ ನಿಲ್ಲುತ್ತೇನೆ ಅಂದುಕೊಂಡೆ. ಟಿಂಗ್. ಎಡಗೈ ಎದ್ದಿತು. ಈ ಸಲ ಸ್ವಲ್ಪ ಮುಂದಕ್ಕೆ ಚಾಚಿ, ಹಿಡಿಯನ್ನು ತಳ್ಳುವ ಹಾಗೇ ಎಡದಿಂದ ಬಲಕ್ಕೆ ತಳ್ಳಿತು. ಎರಡನೇ ರಟ್ಟು ಜಾರಿ ಬಲಗಡೆಯಿಂದ ಧಡ್ ಅಂತ ನೆಲಕ್ಕೆ ಬಿತ್ತು. ಅದರ ಹಿಂದೆ ಮೂರನೆಯದು ಕಾದುಕೊಂಡಿತ್ತು. ಹೊಸ ಸಾಲು.

ಮೂರನೆಯದೂ ಹಾಗೇ ಬಿತ್ತು. ನಾಲ್ಕನೆಯದು ಹಾರಿಹೋಗಿ ಭಾವನ ಕಾಲಿನ ಹತ್ತಿರ ಬಿತ್ತು. ಅಷ್ಟು ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕೊನೆಯ ಸ್ವರವನ್ನು ಒತ್ತಿ, ಅದು ತಾನಾಗಿ ಸಾಯುವ ತನಕ ಬೆರಳು ಎತ್ತದೆ ಕೂತೆ.

ಟೀಚರ್ ಗಂಟಲು ಸರಿಮಾಡಿಕೊಂಡರು. "ಹನ್ನೊಂದು ಕಡೆ ತಪ್ಪಿತು."

"ಹದಿನಾಲ್ಕು," ಅಂದೆ.

"ನಿಲ್ಲಿಸಲಿಲ್ಲ," ಅಂದಳು ಅಕ್ಕ. ಅವಳು ನೆಲದ ಮೇಲೆ ಮೊಣಕಾಲೂರಿ ಪಿಯಾನೊ ಅಡಿಯಲ್ಲಿ ಕನ್ನಡಕ ಹುಡುಕುತ್ತಿದ್ದಳು. ಅಲ್ಲಿಂದಲೇ, ತಲೆ ಎತ್ತದೆ, ಹೇಳಿದಳು: "ಅವತ್ತು ನಾನು ನಕ್ಕಿದ್ದಕ್ಕೇ ನೀನು ಬಿಟ್ಟಿದ್ದು. ನನಗೆ ಗೊತ್ತು. ಗೊತ್ತಿದ್ದೂ ಒಂದು ದಿನಾನೂ ಕೇಳಲಿಲ್ಲ. ಇವತ್ತು ಏನೇ ಆದ್ರೂ ನಗಬಾರದು ಅಂತ ಕೂತಿದ್ದೆ ಕಣೆ. ಇವತ್ತೂ ನಕ್ಕುಬಿಟ್ಟೆ."

"ನಗು. ನಕ್ಕರೆ ನಿಲ್ಲಿಸೋ ಕಾಲ ಹೋಯ್ತು."

ಅವಳು ಕನ್ನಡಕ ಹಾಕಿಕೊಂಡು ಎದ್ದಳು. ಒಂದು ಗಾಜು ಬಿರುಕು ಬಿಟ್ಟಿತ್ತು. ಕಣ್ಣೊರೆಸಿಕೊಂಡು ಆಳುಗಳ ಕಡೆ ತಿರುಗಿದಳು. "ಗಾಡಿ ಹೇಗೂ ಬಂದಾಗಿದೆ. ಇದನ್ನ ಇವಳ ಮನೆಗೆ ಹಾಕಿ."

"ಇರು ಇರು," ಅಂದರು ಭಾವ. "ಟೈಪಮ್ಮನ ಮನೆ ಇರೋದು ಎರಡನೇ ಮಹಡೀಲಿ. ಆ ಮೆಟ್ಟಿಲಲ್ಲಿ ನಾನೇ ಅಡ್ಡಡ್ಡ ಹತ್ತಬೇಕು, ಪಿಯಾನೊ ಎಲ್ಲಿ ಹತ್ತುತ್ತೆ?"

"ಹತ್ತುತ್ತೆ. ತಿರುವಿನಲ್ಲಿ ಎರಡು ಇಂಚು ಜಾಗ ಉಳಿಯುತ್ತೆ. ಅಳೆದಿದ್ದೀನಿ. ಮಂಚ ತೆಗೆದು ಗೋಡೇನೂ ಖಾಲಿ ಮಾಡಿಟ್ಟಿದ್ದೀನಿ."

ಅಕ್ಕ ಬಿರುಕು ಗಾಜಿನೊಳಗಿಂದ ನನ್ನನ್ನು ನೋಡಿದಳು. "ಯಾವಾಗ ಅಳೆದೆ?"

"ನೀನು ಫೋನ್ ಮಾಡಿದ ಮಾರನೇ ದಿನ," ಅಂದೆ. "ಬಸ್ಸು ಹತ್ತೋಕೆ ಮುಂಚೆ."